ಸೋಲಿಗರು, ಸಿದ್ದಿಗಳು ಮತ್ತು ಚೆರೋಕೀ ನಿದರ್ಶನ: ತುಲನೆಯ ಅಳತೆಗೋಲನ್ನು ಕುರಿತು

ಎರಡು ಜನಾಂಗಗಳ ಸ್ಥಿತಿಗತಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಬಯಸುವವರು ಮೊದಲು ನಿಶ್ಚಯಿಸಿಕೊಳ್ಳಬೇಕಾದುದು ಅಳತೆಗೋಲನ್ನು. ಕನ್ನಡನಾಡಿನ ವನವಾಸಿಗಳನ್ನು ಕುರಿತ ಬರವಣಿಗೆಯಲ್ಲಿ ಬಹುಕಾಲದಿಂದ ಬಳಕೆಯಾಗುತ್ತ ಬಂದಿರುವ ಅಳತೆಗೋಲು ಮೂಲವೆಂಬುದು. ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಮಲೆ ಮಹದೇಶ್ವರನ ಬೆಟ್ಟದಲ್ಲಿಯೂ ನೆಲಸಿರುವ ಸೋಲಿಗರು ಈ ನೆಲದ ಆದಿನಿವಾಸಿಗಳು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡ ಮುಂತಾದ ತಾಲ್ಲೂಕುಗಳ ಕಾಡಂಚಿನಲ್ಲಿರುವ ಸಿದ್ದಿಗಳು ಆಫ್ರಿಕದಿಂದ ಬಂದವರು. ಇಷ್ಟನ್ನು ಹೇಳಿದೊಡನೆ ಹೋಲಿಕೆಯ ಮುಖ್ಯಾಂಶವು ಮುಗಿಯಿತೆಂದು ಭಾವಿಸುವುದುಂಟು. ಆದರೆ ಮೂಲವು ಒಂದು ಜನದ ಪೂರ್ವಚರಿತ್ರೆಯನ್ನು ತಿಳಿಸಬಲ್ಲುದೇ ಹೊರತು ಅದರ ಸ್ಥಿತಿಯನ್ನು ತಿಳಿಸಲಾರದು. ಸ್ಥಿತಿಯನ್ನು ನಿರ್ಣಯಿಸುವುದು ನೆಲದ ಮೇಲಣ ಹಕ್ಕು, ಮತ್ತು ಆ ಹಕ್ಕಿಗೆ ಬಾಗಿಲಾದ ಪಟ್ಟಿಯಲ್ಲಿ ಹೆಸರಿರುವುದು ಅಥವಾ ಇಲ್ಲದಿರುವುದು. ಈ ಮಾತನ್ನು ಪರೀಕ್ಷಿಸುವುದಕ್ಕೆ ದೂರದ ಒಂದು ನಿದರ್ಶನದಿಂದ ಆರಂಭಿಸುವುದು ಅನುಕೂಲ.

ಅಮೆರಿಕದ ಚೆರೋಕೀ ಜನರ ಚರಿತ್ರೆಯಲ್ಲಿ ಆದಿನಿವಾಸಿಗಳೂ ಆಫ್ರಿಕದವರೂ ಒಂದೇ ನೆಲದಲ್ಲಿ, ಒಂದೇ ಶಾಸನದಡಿಯಲ್ಲಿ ಬಾಳಿದರು. ಚೆರೋಕೀಗಳು ಅಕ್ಷರಜ್ಞರು, 1821ರಲ್ಲಿ ಸಿಕ್ವೋಯಾ ಎಂಬಾತನು ಅವರ ನುಡಿಗೊಂದು ಲಿಪಿಯನ್ನು ರಚಿಸಿಕೊಟ್ಟನು, 1827ರಲ್ಲಿ ಅವರು ಲಿಖಿತ ಸಂವಿಧಾನವನ್ನು ಅಂಗೀಕರಿಸಿದರು, 1828ರಲ್ಲಿ ತಮ್ಮದೇ ವೃತ್ತಪತ್ರಿಕೆಯನ್ನು ಹೊರಡಿಸಿದರು. ಅದೇ ಜನರಲ್ಲಿ ಅನುಕೂಲಸ್ಥರಾದ ಕೆಲವರು ಆಫ್ರಿಕದ ಗುಲಾಮರನ್ನಿಟ್ಟುಕೊಂಡಿದ್ದರು. 1835ರ ಗಣತಿಯಲ್ಲಿ 16,542 ಮಂದಿ ಚೆರೋಕೀಗಳೂ 1,592 ಮಂದಿ ಗುಲಾಮರೂ ಲೆಕ್ಕಕ್ಕೆ ಸಿಕ್ಕಿದ್ದಾರೆ. 1838-39ರಲ್ಲಿ ಸೇನೆಯ ಬಲದಿಂದ ಚೆರೋಕೀಗಳನ್ನು ಅವರ ಪೂರ್ವಿಕರ ನಾಡಿನಿಂದ ಪಶ್ಚಿಮಕ್ಕೆ ಹೊರಡಿಸಿದಾಗ ದಾರಿಯಲ್ಲಿಯೂ ಶಿಬಿರಗಳಲ್ಲಿಯೂ ಸುಮಾರು 4,000 ಮಂದಿ ಸತ್ತರೆಂದು ಅಂದಾಜು. ಆ ದಾರಿಯನ್ನು ಗುಲಾಮರೂ ನಡೆದರು. ನೆಲ ಕಳೆದುಕೊಂಡವರ ಹಿಂದೆ, ತಮ್ಮ ದೇಹದ ಮೇಲೂ ಹಕ್ಕಿಲ್ಲದವರು ಹೊರೆ ಹೊತ್ತು ನಡೆದ ಈ ಸಂಗತಿಯು ಮೂಲವನ್ನು ಮಾತ್ರ ನೋಡುವ ತುಲನೆಗೆ ಎಟಕುವಂಥದಲ್ಲ.

ಮುಂದಿನ ಚರಿತ್ರೆ ಇನ್ನೂ ಬೋಧಕವಾದುದು. 1866ರ ಒಪ್ಪಂದದಿಂದ ವಿಮುಕ್ತ ಗುಲಾಮರಿಗೂ ಅವರ ಸಂತತಿಗೂ ಚೆರೋಕೀಗಳ ಸಮಸ್ತ ಹಕ್ಕುಗಳು ದೊರೆತುವು. ಚೆರೋಕೀ ನೆಲವು ಆಗ ಸಮುದಾಯದ ಸೊತ್ತು. ಖಾಲಿ ನೆಲವನ್ನು ಉತ್ತು ಬೆಳೆಯುವ ಅಧಿಕಾರ ಪ್ರತಿಯೊಬ್ಬ ಸದಸ್ಯನಿಗೂ ಇದ್ದಿತು. ಆದುದರಿಂದ ದಕ್ಷಿಣ ಸಂಸ್ಥಾನಗಳ ವಿಮುಕ್ತರು ಹಳೆಯ ಒಡೆಯರ ಹೊಲಗಳಲ್ಲಿ ಪಾಲುಗೇಣಿದಾರರಾಗಿ ಸಾಲದಲ್ಲಿ ಮುಳುಗಿದ ಕಾಲದಲ್ಲಿ, ಚೆರೋಕೀ ನಾಡಿನ ವಿಮುಕ್ತರಿಗೆ ಉಳುವುದಕ್ಕೆ ಸ್ವಂತವೆನ್ನಬಹುದಾದ ನೆಲವಿದ್ದಿತು. ಇಬ್ಬರ ಮೂಲವೂ ಒಂದೇ, ದಾಸ್ಯವೂ ಒಂದೇ. ನೆಲವು ಮಾತ್ರ ಬೇರೆ, ಆದುದರಿಂದ ಸ್ಥಿತಿಯೂ ಬೇರೆ. ಅನಂತರ ಸರಕಾರವು ಸಮುದಾಯದ ನೆಲವನ್ನು ವ್ಯಕ್ತಿಗಳಿಗೆ ಹಂಚುವುದಕ್ಕಾಗಿ ಸಿದ್ಧಪಡಿಸಿದ ಡಾಸ್ ಪಟ್ಟಿಯಲ್ಲಿ 'ರಕ್ತಸಂಬಂಧದ' ಚೆರೋಕೀಗಳನ್ನು ಒಂದೆಡೆಯೂ ವಿಮುಕ್ತರನ್ನು ಇನ್ನೊಂದೆಡೆಯೂ ಬರೆಯಲಾಯಿತು. ಈ ವಿಂಗಡಣೆಯನ್ನೇ ಆಧಾರ ಮಾಡಿಕೊಂಡು 2007ರಲ್ಲಿ ವಿಮುಕ್ತರ ಸಂತತಿಯವರನ್ನು ಸದಸ್ಯತ್ವದಿಂದ ಹೊರಗಿಡುವ ತಿದ್ದುಪಡಿಗೆ ಮತದಾರರು ಒಪ್ಪಿಗೆಯಿತ್ತರು. 2017ರಲ್ಲಿ ಸಂಯುಕ್ತ ಸಂಸ್ಥಾನದ ನ್ಯಾಯಾಲಯವು 1866ರ ಹಕ್ಕನ್ನು ಎತ್ತಿಹಿಡಿಯಿತು. 2021ರಲ್ಲಿ ಚೆರೋಕೀಗಳ ಶ್ರೇಷ್ಠ ನ್ಯಾಯಾಲಯವೇ 'ರಕ್ತಸಂಬಂಧ'ವೆಂಬ ಮಾತನ್ನು ತಮ್ಮ ಸಂವಿಧಾನದಿಂದ ತೆಗೆದುಹಾಕಿತು. ನೆಲ ಹಂಚುವುದಕ್ಕೆಂದು ಬರೆದ ಪಟ್ಟಿಯ ಎರಡು ಭಾಗಗಳು ಶತಮಾನ ಕಳೆದ ಮೇಲೂ ಎರಡು ಜನರನ್ನು ನಿರ್ಮಿಸುತ್ತಲೇ ಇದ್ದುವೆಂಬುದು ಇದರಿಂದ ಸಿದ್ಧವಾಗುತ್ತದೆ.

ಈ ಬೆಳಕಿನಲ್ಲಿ ಸಿದ್ದಿಗಳ ವೃತ್ತಾಂತವನ್ನು ನೋಡಬಹುದು. ದಕ್ಷಿಣಾಪಥದ ಚರಿತ್ರೆಯಲ್ಲಿ ಆಫ್ರಿಕದವರು ಅಪರಿಚಿತರಲ್ಲ. ಗುಲಾಮನಾಗಿ ಮಾರಲ್ಪಟ್ಟು ಅಹಮದನಗರದ ಸೂತ್ರಧಾರನಾದ ಮಲಿಕ್ ಅಂಬರನು 1626ರಲ್ಲಿ ತೀರಿಕೊಳ್ಳುವವರೆಗೂ ಮೊಗಲರನ್ನು ಎದುರಿಸಿ ನಿಂತನು. ವಿಜಾಪುರದ ಆದಿಲಶಾಹಿಯಲ್ಲಿ ಇಖ್ಲಾಸ್ ಖಾನನು ಪ್ರಬಲನಾಗಿದ್ದನು. ಜಂಜೀರದ ಸಿದ್ದಿಗಳು ಕಡಲ ದೊರೆಗಳಾಗಿ ಮೆರೆದರು. ಉತ್ತರ ಕನ್ನಡದ ಸಿದ್ದಿಗಳಾದರೋ ಬಹುಮಟ್ಟಿಗೆ ಪೋರ್ತುಗೀಜರು ಗೋವೆಗೆ ತಂದ ಗುಲಾಮರ ಸಂತತಿಯವರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡುಗಳಲ್ಲಿ ಅಡಗಿ ನೆಲೆನಿಂತವರು. ದೊರೆಯ ಪಕ್ಕದಲ್ಲಿ ಕತ್ತಿ ಹಿಡಿದವನಿಗೆ ಜಹಗೀರು ಸಂದಿತು. ಕಾಡು ಹೊಕ್ಕವನಿಗೆ ಕಾಗದವಿಲ್ಲದ ಹೊಲ ಸಂದಿತು. ಮಲಿಕ್ ಅಂಬರನ ಕೀರ್ತಿಯನ್ನು ಸಿದ್ದಿಗಳ ಪೂರ್ವವೈಭವವೆಂದು ಎತ್ತಿ ಹೇಳುವ ಲೇಖನಗಳು ಹೆಮ್ಮೆಗೆ ಆಸರೆಯಾಗಬಹುದು. ಆದರೆ ಯಲ್ಲಾಪುರದ ತೋಟಗಳಲ್ಲಿ ಕೂಲಿಗೆ ನಿಂತವನ ಸಾಲದ ಲೆಕ್ಕವನ್ನು ಅವು ವಿವರಿಸುವುದಿಲ್ಲ.

ಈ ಸಿದ್ದಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಮನೆಮಾತು ಹೆಚ್ಚಾಗಿ ಕೊಂಕಣಿ, ವ್ಯವಹಾರಕ್ಕೆ ಕನ್ನಡ. ದಮಾಮಿಯ ವಾದ್ಯನರ್ತನ, ಹಿರಿಯರ ಪೂಜೆ, ಹಳೆಯ ಬಟ್ಟೆಯ ತುಂಡುಗಳನ್ನು ಹೊಲಿದು ಹೆಂಗಸರು ಮಾಡುವ ಕೌದಿ ಇವು ಮತಭೇದಗಳನ್ನು ಮೀರಿ ಅವರನ್ನು ಒಂದುಗೂಡಿಸುವ ಚಿಹ್ನೆಗಳು. ಜೀವನೋಪಾಯವೆಂದರೆ ಅಡಕೆಯ ತೋಟಗಳ ಕೂಲಿ, ಅರಣ್ಯದ ಕೆಲಸ, ಜೇನು ಮೊದಲಾದ ಕಾಡುತ್ಪತ್ತಿ, ಮತ್ತು ದಾಖಲೆಯಲ್ಲಿ 'ಅತಿಕ್ರಮಣ'ವೆಂದು ಕಾಣಿಸುವ ಸಣ್ಣ ಗದ್ದೆ. ತಲೆಮಾರುಗಳಿಂದ ಉತ್ತ ನೆಲವನ್ನು ಅತಿಕ್ರಮಣವೆಂದು ಕರೆಯುವ ಆ ಒಂದು ಪದದಲ್ಲಿಯೇ ಸಿದ್ದಿಗಳ ಆರ್ಥಿಕ ಸ್ಥಿತಿಯ ಸಾರವಡಗಿದೆ.

ಸೋಲಿಗರ ಸಂಗತಿ ಹೊರನೋಟಕ್ಕೆ ಇದರ ವಿರುದ್ಧವಾದುದು. ಕಾಡಿಗೂ ಅವರಿಗೂ ಇರುವ ಸಂಬಂಧವನ್ನು ನಾಡಿನ ದೇವಾಲಯಗಳೇ ಒಪ್ಪಿಕೊಂಡಿವೆ. ಬಿಳಿಗಿರಿರಂಗನು ಸೋಲಿಗರ ಕನ್ಯೆ ಕುಸುಮಾಲೆಯನ್ನು ವರಿಸಿದನೆಂಬ ಐತಿಹ್ಯವಿರುವುದರಿಂದ ಆ ದೇವರು ಅವರಿಗೆ ಭಾವನಾಗಬೇಕು. ದೊಡ್ಡ ಸಂಪಿಗೆಯ ಮರವು ಅವರ ಪೂಜಾಸ್ಥಾನ. ಕಾಡಿನ ಒಂದೊಂದು ಭಾಗವೂ ಒಂದೊಂದು ಕುಲದ ಎಲ್ಲೆಗೆ ಸೇರಿದ್ದು. ಹೀಗಿದ್ದರೂ 1974ರಲ್ಲಿ ಬೆಟ್ಟವು ವನ್ಯಜೀವಿಧಾಮವಾದ ತರುವಾಯ ಬೆಟ್ಟದ ಬೇಸಾಯವೂ ಬೇಟೆಯೂ ನಿಂತು, ಚದುರಿದ್ದ ಪೋಡುಗಳ ಜನರನ್ನು ಒಂದೆಡೆ ನೆಲೆಗೊಳಿಸಲಾಯಿತು. ಒಣಗಿದ ತರಗನ್ನು ಸುಡುವ 'ತರಗು ಬೆಂಕಿ'ಯ ಪದ್ಧತಿಯನ್ನು ನಿಷೇಧಿಸಿದ್ದರಿಂದಲೇ ಲಂಟಾನವು ಕಾಡನ್ನು ಮುಚ್ಚಿಕೊಂಡಿತೆಂದು ಸೋಲಿಗರು ವಾದಿಸುತ್ತ ಬಂದಿದ್ದಾರೆ. ವನ್ಯಜೀವಿ ಕಾನೂನಿಗೆ 2002ರಲ್ಲಿ ಆದ ತಿದ್ದುಪಡಿಯ ತರುವಾಯ ಜೇನು, ನೆಲ್ಲಿ, ಪಾಚಿ ಮುಂತಾದವನ್ನು ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೂ ತಡೆಯುಂಟಾಯಿತು. ದೇವರ ಬಾಂಧವ್ಯವಾಗಲಿ ಆದಿನಿವಾಸಿಯೆಂಬ ಕೀರ್ತಿಯಾಗಲಿ ಅವರ ಜೇನಿನ ಹಕ್ಕನ್ನು ಉಳಿಸಲಿಲ್ಲ.

ಇನ್ನು ಈ ಜನರನ್ನು ಚಿತ್ರಿಸಿದ ಗ್ರಂಥಗಳನ್ನೂ ಕೃತಿಗಳನ್ನೂ ವಿಮರ್ಶಿಸಬೇಕು. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಬುಡಕಟ್ಟು-ಜಾತಿಗಳ ಮಹಾಗ್ರಂಥವು 1928ರಿಂದ 1936ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟವಾಯಿತು. ಅದರ ಶ್ರಮವೂ ಸಾಮಗ್ರಿಯೂ ಇಂದಿಗೂ ಗೌರವಾರ್ಹ. ಆದರೆ ಪ್ರತಿಯೊಂದು ಕುಲಕ್ಕೂ ಪ್ರತ್ಯೇಕವಾದ ಅಧ್ಯಾಯ, ಪ್ರತಿ ಅಧ್ಯಾಯದಲ್ಲಿಯೂ ಮೂಲ, ವಿವಾಹ, ಜನನ, ಮರಣ, ದೇವತೆ, ಕಸುಬು ಎಂಬ ಕ್ರಮವಿರುವುದರಿಂದ, ಒಂದು ಕುಲವು ಮತ್ತೊಂದಕ್ಕೆ ಸಾಲಗಾರನಾಗಿಯೋ ಕೂಲಿಯಾಗಿಯೋ ಇರುವ ಸಂಬಂಧವು ಎರಡು ಅಧ್ಯಾಯಗಳ ನಡುವೆ ಬಿದ್ದುಹೋಗುತ್ತದೆ. ಸಾಲವು ಯಾವ ಕುಲದ ಆಚಾರವೂ ಅಲ್ಲವಷ್ಟೆ. ಸಿದ್ದಿಗಳನ್ನೇ ವಿಷಯವಾಗಿಟ್ಟುಕೊಂಡು ಟಿ. ಸಿ. ಪಾಲಾಕ್ಷಪ್ಪನವರು 1976ರಲ್ಲಿ ಪ್ರಕಟಿಸಿದ ಗ್ರಂಥವು ಈ ಕೊರತೆಯನ್ನು ತುಂಬುವ ದಾರಿಯಲ್ಲಿ ಒಂದು ಮುಖ್ಯವಾದ ಹೆಜ್ಜೆ.

ಪಂಡಿತರ ಗ್ರಂಥಗಳು ಬಿಟ್ಟುದನ್ನು ಜನರ ಕಾವ್ಯವು ಒಮ್ಮೊಮ್ಮೆ ಹಿಡಿದಿಟ್ಟಿದೆ. ಕಂಸಾಳೆಯವರು ಹಾಡುವ ಮಲೆಯ ಮಾದೇಶ್ವರನ ಕಾವ್ಯದ ಸಂಕಮ್ಮನ ಪ್ರಸಂಗವು ಇದಕ್ಕೆ ಸಾಕ್ಷಿ. ಜೇನುಬೇಟೆಗೆ ಹೊರಟ ಸೋಲಿಗನು ಹೆಂಡತಿಯ ಶೀಲವನ್ನು ಶಂಕಿಸಿ ಆಣೆಯಿಡುವಂತೆ ಪೀಡಿಸುವುದು, ಅವಳು ಮಣಿಯದಿರುವುದು, ಮಾದೇಶ್ವರನು ಅವಳನ್ನು ಕಾಪಾಡುವುದು ಅದರ ಕಥೆ. ಇದನ್ನು ಪಾತಿವ್ರತ್ಯದ ಕಥೆಯೆಂದೋ ದೇವರ ಮಹಿಮೆಯೆಂದೋ ಓದುವುದು ರೂಢಿ. ಆದರೆ ಗಂಡನು ತಿಂಗಳುಗಟ್ಟಲೆ ಮನೆಬಿಟ್ಟಿರಬೇಕಾದ ಕಸುಬು, ಅದು ಸಂಸಾರದ ಮೇಲೆ ಹೇರುವ ಭಾರ, ಹೊಸದಾಗಿ ಬಂದ ದೇವರಿಗೆ ಕಾಡಿನ ಒಡೆಯರು ತಲೆಬಾಗಬೇಕಾದ ಪರಿ ಇವೆಲ್ಲ ಆ ಪ್ರಸಂಗದ ಒಡಲಲ್ಲಿಯೇ ಇವೆ. ಸೋಲಿಗನು ಕಾವ್ಯದಲ್ಲಿ ಅಲಂಕಾರವಾಗಿ ಬಂದವನಲ್ಲ, ದುಡಿಯುವವನಾಗಿ ಬಂದವನು.

ಸಿದ್ದಿಗಳಿಗೆ ಇಂಥ ಕಾವ್ಯದ ಆಶ್ರಯ ಕನ್ನಡದಲ್ಲಿ ದೊರೆಯಲಿಲ್ಲ. ಅವರು ಕನ್ನಡ ಕಲೆಯೊಳಕ್ಕೆ ಬಂದುದು ರಂಗಭೂಮಿಯ ಮೂಲಕ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಸಂಸ್ಥೆಯ ಪ್ರಯತ್ನದಿಂದ ಚಿದಂಬರರಾವ್ ಜಂಬೆಯವರು ಮಂಚೀಕೇರಿಯಲ್ಲಿ ಸಿದ್ದಿ ನಟರಿಂದಲೇ ನಾಟಕವೊಂದನ್ನು ಆಡಿಸಿದರು. ನೈಜೀರಿಯದ ಚಿನುವಾ ಅಚಿಬೆಯ 1958ರ ಕಾದಂಬರಿಯೇ ಅದರ ಆಧಾರ. ಆಫ್ರಿಕದವರ ಸಂತತಿಗೆ ಆಫ್ರಿಕದ ಕಥೆಯೆಂಬ ಸರಳ ಸಮೀಕರಣವನ್ನು ಮಾತ್ರ ಇಲ್ಲಿ ಕಂಡರೆ ಆಯ್ಕೆಯು ದುರ್ಬಲವೇ ಸರಿ. ಕಾದಂಬರಿಯ ಇಗ್ಬೋ ಜನರು ಪಶ್ಚಿಮ ಆಫ್ರಿಕದವರು, ಸಿದ್ದಿಗಳ ಪೂರ್ವಿಕರಾದರೋ ಪ್ರಧಾನವಾಗಿ ಪೂರ್ವ ತೀರದ ಕಡೆಯಿಂದ ಬಂದವರೆಂದು ವಂಶವಾಹಿಗಳ ಅಧ್ಯಯನಗಳು ತೋರಿಸಿವೆ. ಆಯ್ಕೆಯ ಸತ್ತ್ವವಿರುವುದು ಬೇರೆಡೆ. ಪರರ ನ್ಯಾಯಸ್ಥಾನ, ಪರರ ಬರಹ, ಪರರ ಆಳ್ವಿಕೆ ಬಂದು ಒಂದು ಊರಿನ ಮಾತು ಬೆಲೆ ಕಳೆದುಕೊಳ್ಳುವುದೇ ಆ ಕಾದಂಬರಿಯ ವಸ್ತು. ಅತಿಕ್ರಮಣದ ನೋಟೀಸನ್ನು ಕೈಯಲ್ಲಿ ಹಿಡಿದವರಿಗೆ ಈ ವಸ್ತುವು ಪರಕೀಯವಲ್ಲ. ಸಿದ್ದಿಗಳೇಕೆ, ಸೋಲಿಗರೂ ಆ ನಾಟಕವನ್ನು ತಮ್ಮದೆಂದು ಆಡಬಹುದಾಗಿತ್ತು.

ರಂಗಭೂಮಿಯು ದಾಟಬಲ್ಲ ಈ ಮಿತಿಯನ್ನು ರಾಜ್ಯಾಡಳಿತವು ಬಹುಕಾಲ ದಾಟಲಿಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಬಾಲಕ ಬಾಲಿಕೆಯರನ್ನು ಆರಿಸಿ ಓಟ ಮುಂತಾದವುಗಳಲ್ಲಿ ತರಬೇತು ಮಾಡಲು ತೊಡಗಿತು. ಆಫ್ರಿಕದ ಮೂಲದವರಾದ್ದರಿಂದ ದೇಹಬಲವಿರಬೇಕೆಂಬುದೇ ಅದರ ಹಿಂದಿನ ಎಣಿಕೆ. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು. ಇದೇ ಜನರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದುದು 2003ರಲ್ಲಿ. ಅವರ ಮೂಲವು ಪ್ರಯೋಜನಕ್ಕೆ ಬಂದೀತೆಂದು ಕಂಡಾಗ ಅದು ಬೇಗನೆ ಗುರುತಿಗೆ ಬಂದಿತು. ಅವರ ಸ್ಥಿತಿಯು ಗುರುತಿಗೆ ಬರಲು ಇನ್ನೂ ಹದಿನಾರು ವರ್ಷ ಬೇಕಾಯಿತು.

ಸೋಲಿಗರ ಹೆಸರು ಮೈಸೂರು ಸಂಸ್ಥಾನಕ್ಕೆ ಸಂಬಂಧಿಸಿದ 1950ರ ಪಟ್ಟಿಯಲ್ಲಿಯೇ ಇದ್ದಿತು. ಉತ್ತರ ಕನ್ನಡದ ನೆರೆಯ ಗೋವೆಯಲ್ಲಿ ಸಿದ್ದಿಗಳು 1968ರಲ್ಲಿಯೇ ಪಟ್ಟಿಗೆ ಸೇರಿದ್ದರು. ಅದೇ ಘಟ್ಟ, ಅದೇ ಮೂಲ, ಅದೇ ಕೊಂಕಣಿ. ಗಡಿಯ ಈಚೆಗೆ ಮೂವತ್ತೈದು ವರ್ಷಗಳ ವಿಳಂಬ. 2003ರ ಕಾನೂನೂ ಉತ್ತರ ಕನ್ನಡ ಜಿಲ್ಲೆಗಷ್ಟೇ ಸೀಮಿತವಾಗಿದ್ದಿತು. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೆ ಆ ಮಾನ್ಯತೆ ಲಭಿಸಿದುದು 2020ರಲ್ಲಿ.

ಈ ವಿಳಂಬವು ಕೇವಲ ಗೌರವದ ಪ್ರಶ್ನೆಯಾಗಿರದೆ ನೆಲದ ಪ್ರಶ್ನೆಯೂ ಆಗಿದೆ. 2006ರ ಅರಣ್ಯ ಹಕ್ಕು ಕಾನೂನಿನಂತೆ ಪರಿಶಿಷ್ಟ ಪಂಗಡದವನು 2005ರ ಡಿಸೆಂಬರ್ 13ಕ್ಕೆ ಮೊದಲು ತಾನು ನೆಲದ ಸ್ವಾಧೀನದಲ್ಲಿದ್ದುದನ್ನು ತೋರಿಸಿದರೆ ಸಾಕು. ಪಟ್ಟಿಯ ಹೊರಗಿನ ವನವಾಸಿಯಾದರೋ ಮೂರು ತಲೆಮಾರುಗಳ, ಎಂದರೆ 75 ವರ್ಷಗಳ ವಾಸವನ್ನು ರುಜುಪಡಿಸಬೇಕು. ಓಡಿಬಂದು ಅಡಗಿದವರ ಸಂತತಿಯು 75 ವರ್ಷಗಳ ಕಾಗದವನ್ನು ಎಲ್ಲಿಂದ ತರಬೇಕು? ಕಾಣದಂತಿರುವುದೇ ಯಾರ ಪೂರ್ವಿಕರಿಗೆ ಪ್ರಾಣರಕ್ಷಣೆಯಾಗಿತ್ತೋ ಅವರನ್ನು, ಕಂಡುದಕ್ಕೆ ಸಾಕ್ಷಿ ತೋರಿಸೆಂದು ಕೇಳಿದಂತಾಯಿತು. ಹಳಿಯಾಳದ ಸಿದ್ದಿಗೂ ಕೆಲವು ಹರದಾರಿ ದೂರದ ಧಾರವಾಡ ಜಿಲ್ಲೆಯ ಸಿದ್ದಿಗೂ 2006ರಲ್ಲಿ ಇದ್ದ ಅಂತರವು ಇಂಥದು. ಸೋಲಿಗರಿಗಾದರೋ ಅದೇ ಕಾನೂನಿನಿಂದ 2011ರಲ್ಲಿ, ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷದಲ್ಲಿಯೇ, 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು. ಹಳೆಯ ಎಲ್ಲೆಗಳ ಸ್ಮೃತಿಯಿದ್ದ ಕಡೆ, ಪಟ್ಟಿಯೂ ಸಂಘಟನೆಯೂ ಕೂಡಿ ಬಂದಾಗ, ಕಳೆದುದರಲ್ಲಿ ಒಂದು ಪಾಲು ಹಿಂದಕ್ಕೆ ಬಂದಿತು.

ಈ ತುಲನೆಗೆ ಮಿತಿಗಳುಂಟು. ಚೆರೋಕೀಗಳು ಒಪ್ಪಂದಗಳಿಗೆ ಸಹಿಹಾಕುವ ರಾಷ್ಟ್ರವಾಗಿದ್ದರು. ಸೋಲಿಗರಿಗೆ ಆ ಅಧಿಕಾರ ಎಂದೂ ಇರಲಿಲ್ಲ. ಚೆರೋಕೀಗಳಲ್ಲಿ ಕೆಲವರು ಆಫ್ರಿಕದವರ ಒಡೆಯರಾಗಿದ್ದರು. ಸೋಲಿಗರೂ ಸಿದ್ದಿಗಳೂ ಒಬ್ಬರನ್ನೊಬ್ಬರು ಕಂಡವರೇ ಅಲ್ಲ. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಬಡತನ ನೀಗುವುದೆಂದೂ ಹೇಳುವಂತಿಲ್ಲ. ದಶಕಗಳಿಂದ ಪಟ್ಟಿಯಲ್ಲಿದ್ದ ಸೋಲಿಗರೇ 2002ರ ತರುವಾಯ ಜೇನಿನ ಸಂಪಾದನೆಯನ್ನು ಕಳೆದುಕೊಂಡರು. ಪಟ್ಟಿಯು ಬಾಗಿಲು ಮಾತ್ರ, ನೆಲವೇ ಮನೆ.

ಆದರೂ ಈ ಅಳತೆಗೋಲಿನಿಂದ ಒಂದು ಪ್ರಯೋಜನವುಂಟು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನಪರಿಷತ್ತಿಗೆ ನಾಮಕರಣಗೊಂಡಾಗ, ಆಫ್ರಿಕದ ಮೂಲದ ವ್ಯಕ್ತಿಯೊಬ್ಬರು ಶಾಸಕರಾದರೆಂಬುದೇ ಸುದ್ದಿಯಾಯಿತು. ತಲೆಮಾರುಗಳಿಂದ ಕಾಡಂಚಿನಲ್ಲಿ ಉತ್ತುಬಂದ ಕನ್ನಡನಾಡಿನ ರೈತಾಪಿ ಜನರಿಗೆ ಕೊನೆಗೊಬ್ಬ ಪ್ರತಿನಿಧಿ ದೊರೆತನೆಂದು ಹೇಳಿದ್ದರೆ ಸಂಗತಿಯು ಇನ್ನೂ ಯಥಾರ್ಥವಾಗುತ್ತಿತ್ತು. ಅಂಜನಾಪುರದ ಬಡಾವಣೆಗಳಿಂದ ದೂರವಲ್ಲದ ಬನ್ನೇರುಘಟ್ಟ, ಕನಕಪುರ, ಮಾಗಡಿಗಳ ಕಾಡಂಚಿನ ಇರುಳಿಗರನ್ನು ಕುರಿತು ಬರೆಯುವವರೂ ಇದೇ ಪ್ರಶ್ನೆಯಿಂದ ಆರಂಭಿಸುವುದು ಯುಕ್ತ. ಇವರು ಎಲ್ಲಿಂದ ಬಂದರು ಎಂಬುದಕ್ಕೆ ಮೊದಲು, ಇವರು ನಿಂತಿರುವ ನೆಲವು ಯಾರ ಹೆಸರಿನಲ್ಲಿದೆ ಎಂಬುದನ್ನು ವಿಚಾರಿಸಬೇಕು. ಅದಕ್ಕೆ ಉತ್ತರ ದೊರೆತ ಮೇಲೆ ಮೂಲದ ಚರ್ಚೆಗೆ ಅವಕಾಶವಿದ್ದೇ ಇದೆ.