ಡಿ ಡ್ರೈವ್ ಎಂಬ ನಂಬಿಕೆ

ಅಂಬರನಾಥ, ಕಲ್ಯಾಣ, ಡೊಂಬಿವಲಿಯ ಯಾವುದೇ ಕಂಪ್ಯೂಟರ್ ರಿಪೇರಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಡೇಟಾ ಎಲ್ಲ ಡಿ ಡ್ರೈವ್‌ನಲ್ಲಿದೆ ತಾನೆ? ಹಾಗಾದರೆ ಫಾರ್ಮ್ಯಾಟ್ ಹೊಡೆಯೋಣ.’ ಲ್ಯಾಮಿಂಗ್ಟನ್ ರೋಡಿನಿಂದ ಬಿಡಿಭಾಗ ತಂದು ಯಂತ್ರ ಜೋಡಿಸುತ್ತಿದ್ದ ಕಾಲದಿಂದಲೂ ಡಿಸ್ಕನ್ನು ಸಿ, ಡಿ, ಇ ಎಂದು ಪಾಲು ಮಾಡುವುದು ಇಲ್ಲಿಯ ವಾಡಿಕೆ. ಸಿಯಲ್ಲಿ ವಿಂಡೋಸ್, ಡಿಯಲ್ಲಿ ಅಂಗಡಿಯ ಲೆಕ್ಕಪತ್ರ, ಇಯಲ್ಲಿ ಮದುವೆಯ ಫೋಟೊ ಮತ್ತು ಯಕ್ಷಗಾನದ ವಿಡಿಯೊ. ವೈರಸ್ ಹೊಕ್ಕರೂ ವಿಂಡೋಸ್ ಕೆಟ್ಟರೂ ಸಿ ಒಂದನ್ನೇ ಅಳಿಸಿದರೆ ಸಾಕು, ಉಳಿದದ್ದು ಭದ್ರ. ಈ ಲೆಕ್ಕ ವರ್ಷಗಟ್ಟಲೆ ತಪ್ಪಲಿಲ್ಲ.

ಈಗ ತಪ್ಪುತ್ತಿದೆ.

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಆನಂದನಗರದ ಎಂಐಡಿಸಿಯಂಥ ಕೈಗಾರಿಕಾ ವಸಾಹತಿನ ಸಣ್ಣ ಘಟಕವಾಗಲಿ, ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಹೋಟೆಲಾಗಲಿ, ಹಳೆಯ ಯಂತ್ರವನ್ನೇ ವಿಂಡೋಸ್ 11ಕ್ಕೆ ಏರಿಸಲು ನೋಡುವುದು ಸಹಜ. ಹೊಸ ವಿಂಡೋಸ್ ಕೇಳುವುದು ಯುಇಎಫ್ಐ, ಅಂದರೆ ಯಂತ್ರವನ್ನು ಎಬ್ಬಿಸುವ, ಬಯೋಸ್‌ನ ಜಾಗಕ್ಕೆ ಬಂದ ಹೊಸ ವ್ಯವಸ್ಥೆ. ಯುಇಎಫ್ಐ ಮೂಲಕ ವಿಂಡೋಸ್ ಏಳಬೇಕಾದರೆ ಡಿಸ್ಕಿನ ಪಾಲುಪಟ್ಟಿ ಜಿಪಿಟಿ ಶೈಲಿಯಲ್ಲಿರಬೇಕು. ಹಳೆಯ ಡಿಸ್ಕ್ ಇರುವುದು ಎಂಬಿಆರ್ ಶೈಲಿಯಲ್ಲಿ. ಹಾಗಾಗಿ ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕಲು ಹೊರಟರೆ ‘ಈ ಡಿಸ್ಕಿನಲ್ಲಿ ಸಾಧ್ಯವಿಲ್ಲ’ ಎಂಬ ಉತ್ತರ ಬರುತ್ತದೆ. ಆಗ ಅವಸರದ ಕೈ ಡಿಸ್ಕ್ ಪಾಲು ಮಾಡುವ ಸಾಧನವಾದ ಡಿಸ್ಕ್‌ಪಾರ್ಟ್ ತೆರೆದು ‘ಕ್ಲೀನ್’ ಎಂದು ಹೊಡೆಯುತ್ತದೆ. ಒಂದೇ ಕ್ಷಣದಲ್ಲಿ ಸಿ ಜೊತೆಗೆ ಡಿ, ಇ ಎರಡೂ ಕಾಣೆ.

ಸಿ, ಡಿ ಎಂಬುವು ಬೇರೆ ಬೇರೆ ವಸ್ತುಗಳೆಂದು ಮಾಲೀಕ ನಂಬಿದ್ದಾನೆ. ಆದರೆ ಪಾರ್ಟಿಷನ್ ಶೈಲಿ ಇಡೀ ಡಿಸ್ಕಿಗೆ ಸೇರಿದ್ದು. ಅದಕ್ಕೆ ಡ್ರೈವ್ ಅಕ್ಷರಗಳ ಹಂಗಿಲ್ಲ. ಶೈಲಿ ಬದಲಿಸುವ ಕೆಲಸದಲ್ಲಿ ಡಿ ಡ್ರೈವ್ ಸುರಕ್ಷಿತ ಜಾಗವಲ್ಲ ಎಂಬುದನ್ನು ರಿಪೇರಿಯವರು ಗಿರಾಕಿಗೆ ಮೊದಲೇ ಹೇಳಬೇಕು. ಬ್ಯಾಕಪ್ ಎಂದರೆ ಇನ್ನೊಂದು ಡಿಸ್ಕ್, ಇನ್ನೊಂದು ಅಕ್ಷರವಲ್ಲ.

ಈ ಎರಡು ಶೈಲಿಗಳಲ್ಲಿ ಹಳೆಯದಾದ ಎಂಬಿಆರ್ 1983ರದ್ದು. 10 ಎಂಬಿ ಹಾರ್ಡ್‌ಡಿಸ್ಕ್ ಹೊತ್ತು ಬಂದ ಐಬಿಎಂ ಪಿಸಿ ಎಕ್ಸ್‌ಟಿ ಜೊತೆಗೆ, ಪಿಸಿ ಡಾಸ್ 2.0ರಲ್ಲಿ ಬಂತು. ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳಲ್ಲೇ ಅದರ ಸಂಸಾರವೆಲ್ಲ: 446 ಬೈಟ್ ಬೂಟ್ ಸಂಕೇತ, 64 ಬೈಟ್ ಪಾಲುಪಟ್ಟಿ, ಕೊನೆಗೆ 2 ಬೈಟ್ ಗುರುತು. ಪಟ್ಟಿಯಲ್ಲಿ ನಾಲ್ಕೇ ಸಾಲು. ಅದಕ್ಕಿಂತ ಹೆಚ್ಚು ಪಾಲು ಬೇಕಾದರೆ ಒಂದು ಸಾಲನ್ನು ‘ಎಕ್ಸ್‌ಟೆಂಡೆಡ್’ ಮಾಡಿ, ಅದರೊಳಗೆ ‘ಲಾಜಿಕಲ್’ ಡ್ರೈವ್‌ಗಳನ್ನು ಕೂರಿಸಬೇಕು. ಅಳತೆಯಲ್ಲೂ ಮಿತಿ ಇದೆ. ಫೋಟೊ ಸ್ಟುಡಿಯೊದವರು 4 ಟಿಬಿ ಡಿಸ್ಕ್ ಕೊಂಡು ಎಂಬಿಆರ್‌ನಲ್ಲಿ ತೆರೆದರೆ 2048 ಜಿಬಿ ಮಾತ್ರ ಬಳಕೆಗೆ ಸಿಗುತ್ತದೆ, ಮಿಕ್ಕದ್ದು ಕಣ್ಣಿಗೆ ಕಂಡರೂ ಕೈಗೆ ಬರುವುದಿಲ್ಲ.

ಜಿಪಿಟಿ ಇಂಟೆಲ್‌ನ ಇಎಫ್ಐ ಯೋಜನೆಯ ಕೂಸು. ವಿಂಡೋಸ್ ಇದರಲ್ಲಿ 128 ಪಾಲುಗಳಿಗೆ ಜಾಗ ಇಡುತ್ತದೆ, ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ತುದಿಯಲ್ಲಿರುತ್ತದೆ, ಪಟ್ಟಿ ಕೆಟ್ಟಿದೆಯೇ ಎಂದು ತಾಳೆ ನೋಡುವ ಲೆಕ್ಕವೂ ಒಳಗೇ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರ ಏಳುವ ಬಗೆಯೇ ಬೇರೆ. ಹಳೆಯ ಬಯೋಸ್ ಮೊದಲ ಸೆಕ್ಟರ್ ಓದಿ ಅಲ್ಲಿ ಸಿಕ್ಕ ಸಂಕೇತವನ್ನು ಓಡಿಸುತ್ತದೆ. ಯುಇಎಫ್ಐ ಮಾತ್ರ ಸಾಮಾನ್ಯವಾಗಿ 100 ಎಂಬಿಯಷ್ಟಿರುವ, ಫ್ಯಾಟ್32 ರೂಪದ ಒಂದು ಪುಟ್ಟ ಪಾಲನ್ನು ತೆರೆದು, ಅದರೊಳಗಿನ ಬೂಟ್ ಫೈಲನ್ನು ಹುಡುಕುತ್ತದೆ.

ಶೈಲಿ ಬದಲಾದ ಮೇಲೆ ಕಪ್ಪು ಪರದೆಯ ಮೇಲೆ ‘ಬೂಟ್ ಡಿವೈಸ್ ಇಲ್ಲ’ ಎಂದೋ ನೀಲಿ ಪರದೆಯ ಮೇಲೆ 0ಎಕ್ಸ್‌ಸಿ000000ಇ ಎಂದೋ ಬಂದರೆ ಗಾಬರಿ ಬೇಡ. ಅಂಬರನಾಥ ಲೋಕಲ್ ನಿಂತೇ ಇದೆ, ಇಂಡಿಕೇಟರ್ ಬೇರೆ ಪ್ಲಾಟ್‌ಫಾರಂ ತೋರಿಸುತ್ತಿದೆ, ಅಷ್ಟೆ. ಮೊದಲು ನೋಡಬೇಕಾದ್ದು ಯಂತ್ರದ ಬಯೋಸ್ ಸೆಟಪ್ ಪರದೆ. ಡಿಸ್ಕ್ ಜಿಪಿಟಿ ಆಗಿದ್ದು ಸೆಟಪ್ ಇನ್ನೂ ಹಳೆಯ ಬಯೋಸ್ ರೀತಿಯ ‘ಲೆಗಸಿ’ ಅಥವಾ ‘ಸಿಎಸ್ಎಂ’ನಲ್ಲೇ ಇದ್ದರೆ ಅದನ್ನು ಯುಇಎಫ್ಐಗೆ ತಿರುಗಿಸಬೇಕು. ಅಂಗಡಿಗೆ ಹೊತ್ತುಕೊಂಡು ಬಂದ ಯಂತ್ರ ಇಷ್ಟಕ್ಕೇ ಎದ್ದುಬಿಡುವುದೂ ಉಂಟು. ತಿರುಗಿಸಿದ ಮೇಲೆ ಪರದೆಯಲ್ಲಿ ಏನೂ ಕಾಣದಿದ್ದರೆ ಹಳೆಯ ಗ್ರಾಫಿಕ್ಸ್ ಕಾರ್ಡಿನ ಮೇಲೆ ಅನುಮಾನ ಪಡಬೇಕು, ಡಿಸ್ಕಿನ ಮೇಲಲ್ಲ. ಸೆಟಪ್‌ನಲ್ಲಿ ಕೈಯಾಡಿಸುವಾಗ ಎಎಚ್‌ಸಿಐ, ರೇಡ್ ಎಂಬ ಆಯ್ಕೆಗಳನ್ನು ಮುಟ್ಟಬಾರದು. ಮುಟ್ಟಿದರೆ ವಿಂಡೋಸ್ ತನ್ನ ಡಿಸ್ಕನ್ನೇ ಗುರುತಿಸದೆ ಇನ್ನೊಂದು ನೀಲಿ ಪರದೆ ತೋರಿಸಬಹುದು, ಆಗ ರೋಗ ಎರಡಾಗುತ್ತದೆ.

ಆಗಲೂ ಏಳದಿದ್ದರೆ ವಿಂಡೋಸ್ ಪೆನ್‌ಡ್ರೈವ್ ಬೇಕು. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುವುದುಂಟು. ಹೆಸರಿನ ಮುಂದೆ ‘ಯುಇಎಫ್ಐ’ ಎಂದಿರುವುದನ್ನೇ ಆರಿಸಬೇಕು. ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಕಮಾಂಡ್ ಪರದೆ ತೆರೆಯುತ್ತದೆ. ಡಿಸ್ಕ್‌ಪಾರ್ಟ್‌ನಲ್ಲಿ ಡಿಸ್ಕ್‌ಗಳ ಪಟ್ಟಿ ಕೇಳಿದಾಗ ಜಿಪಿಟಿ ಅಂಕಣದಲ್ಲಿ ನಕ್ಷತ್ರದ ಗುರುತು ಇದೆಯೇ ನೋಡಿಕೊಳ್ಳಬೇಕು. ಇದ್ದರೆ ಆ ಫ್ಯಾಟ್32 ಪಾಲಿಗೆ ತಾತ್ಕಾಲಿಕವಾಗಿ ಒಂದು ಅಕ್ಷರ ಕೊಟ್ಟು, ‘ಬಿಸಿಡಿಬೂಟ್’ ಎಂಬ ಆದೇಶದಿಂದ ವಿಂಡೋಸ್ ಫೋಲ್ಡರಿನ ಬೂಟ್ ಫೈಲುಗಳನ್ನು ಅಲ್ಲಿಗೆ ಬರೆಸಬೇಕು. ಇಲ್ಲಿ ಹಲವರು ಎಡವುತ್ತಾರೆ: ಈ ಪರದೆಯಲ್ಲಿ ವಿಂಡೋಸ್ ಇರುವ ಪಾಲಿನ ಅಕ್ಷರ ಸಿ ಆಗಿರಲೇಬೇಕೆಂದಿಲ್ಲ, ಡಿ ಆಗಿರಬಹುದು. ಫೋಲ್ಡರ್ ಕಣ್ಣಾರೆ ನೋಡಿಯೇ ಮುಂದುವರಿಯಬೇಕು. ವಿಡಿಯೊಗಳಲ್ಲೆಲ್ಲ ಹೇಳಿಕೊಡುವ ‘ಬೂಟ್‌ರೆಕ್ ಫಿಕ್ಸ್‌ಎಂಬಿಆರ್’ ಹಳೆಯ ಶೈಲಿಯ ಮದ್ದು. ಜಿಪಿಟಿ ಡಿಸ್ಕಿನ ಈ ಕಾಯಿಲೆಗೆ ಅದು ತಾಗುವುದಿಲ್ಲ.

ಏನನ್ನೂ ಅಳಿಸದೆ ಶೈಲಿ ಬದಲಿಸುವ ದಾರಿಯೂ ಇದೆ. 2017ರಲ್ಲಿ ವಿಂಡೋಸ್ 10ರ 1703ನೇ ಆವೃತ್ತಿಯೊಂದಿಗೆ ಬಂದ ಎಂಬಿಆರ್2ಜಿಪಿಟಿ ಫೈಲುಗಳನ್ನು ಇದ್ದಲ್ಲೇ ಬಿಟ್ಟು ಪಟ್ಟಿಯನ್ನಷ್ಟೇ ಹೊಸದಾಗಿ ಬರೆಯುತ್ತದೆ. ಮೊದಲು ‘ವ್ಯಾಲಿಡೇಟ್’ ಎಂದು ಪರೀಕ್ಷೆ, ಆಮೇಲೆ ‘ಕನ್ವರ್ಟ್’. ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಇದ್ದರೆ ಅದನ್ನು ತಡೆಹಿಡಿದಿರಬೇಕು, 48 ಅಂಕಿಗಳ ರಿಕವರಿ ಕೀ ಕೈಯಲ್ಲಿರಬೇಕು. ಆದರೆ ಇಲ್ಲಿಯ ಯಂತ್ರಗಳಲ್ಲಿ ಈ ಪರೀಕ್ಷೆ ಸೋಲುವುದು ಆ ಹಳೆಯ ವಾಡಿಕೆಯಿಂದಲೇ. ಪ್ರೈಮರಿ ಪಾಲು ಮೂರಕ್ಕಿಂತ ಹೆಚ್ಚಿದ್ದರೆ ಅದು ಒಪ್ಪುವುದಿಲ್ಲ. ಎಕ್ಸ್‌ಟೆಂಡೆಡ್ ಪಾಲು ಇದ್ದರಂತೂ ಮುಟ್ಟುವುದೇ ಇಲ್ಲ. ಡಿ, ಇ ಲಾಜಿಕಲ್ ಆಗಿದ್ದರೆ ಅವುಗಳ ಸರಕನ್ನು ಹೊರಗಿನ ಡಿಸ್ಕಿಗೆ ಸಾಗಿಸಿ, ನಕಲು ಸರಿಯಾಗಿ ತೆರೆಯುತ್ತದೆಂದು ನೋಡಿ, ಆ ಪಾಲುಗಳನ್ನು ತೆಗೆದು, ಆಮೇಲೆ ಪರೀಕ್ಷಿಸಬೇಕು. ಒಂದು ಮಧ್ಯಾಹ್ನದ ಕೆಲಸ, ನಿಜ. ಹತ್ತು ವರ್ಷದ ಲೆಕ್ಕದ ಮುಂದೆ ಅದು ದೊಡ್ಡದಲ್ಲ.

ಆಗಲೇ ‘ಕ್ಲೀನ್’ ಹೊಡೆದಾಗಿದ್ದರೆ? ಕೈ ಅಲ್ಲಿಗೇ ನಿಲ್ಲಬೇಕು. ಆ ಆದೇಶ ಅಳಿಸುವುದು ಪಾಲುಪಟ್ಟಿಯನ್ನು, ಒಳಗಿನ ಫೈಲುಗಳನ್ನಲ್ಲ. ಕ್ರಿಸ್ಟೋಫ್ ಗ್ರೆನಿಯೆ ಬರೆದ ಉಚಿತ ತಂತ್ರಾಂಶ ಟೆಸ್ಟ್‌ಡಿಸ್ಕ್ ಹಳೆಯ ಪಾಲುಗಳ ಅಂಚು ಹುಡುಕಿ ಪಟ್ಟಿಯನ್ನು ಮತ್ತೆ ಕಟ್ಟಬಲ್ಲದು. ಮೇಲೆ ಹೊಸ ವಿಂಡೋಸ್ ಬರೆದಷ್ಟೂ ಆಸೆ ಕುಗ್ಗುತ್ತದೆ. ಎಸ್‌ಎಸ್‌ಡಿಯಲ್ಲಿ ಹೊಸದಾಗಿ ಫಾರ್ಮ್ಯಾಟ್ ಆದರೆ ಟ್ರಿಮ್ ವ್ಯವಸ್ಥೆ ಆ ಜಾಗವನ್ನೆಲ್ಲ ಖಾಲಿ ಎಂದು ಸಾರಿಬಿಡುತ್ತದೆ, ಬಹುತೇಕ ಏನೂ ಉಳಿಯುವುದಿಲ್ಲ.

ಕನ್ನಡದ ಕೆಲಸ ಮಾಡುವವರಿಗೆ ಇನ್ನೊಂದು ನಷ್ಟ ಹೊಂಚು ಹಾಕಿರುತ್ತದೆ. ಸಂಘಗಳ ಸ್ಮರಣ ಸಂಚಿಕೆ, ಆಮಂತ್ರಣ ಪತ್ರಿಕೆ ಮುಂತಾದವು ವರ್ಷಗಟ್ಟಲೆ ಯುನಿಕೋಡ್ ಅಲ್ಲದ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳಲ್ಲಿ ಸಿದ್ಧವಾದವು. ಆ ಫಾಂಟ್‌ಗಳು ಇರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ. ಡಿಯ ಕಡತ ಉಳಿದರೂ ಫಾಂಟ್ ಹೋದರೆ, ತೆರೆದಾಗ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಬ್ಯಾಕಪ್ ಡಿಸ್ಕಿಗೆ ಫಾಂಟ್ ಫೋಲ್ಡರೂ ಹೋಗಲೇಬೇಕು.

ಇಷ್ಟೆಲ್ಲಕ್ಕೂ ಮುಂಚೆ ಪ್ರೊಸೆಸರ್ ಯಾವುದೆಂದು ನೋಡುವುದು ಒಳ್ಳೆಯದು. ಬೆರಳೆಣಿಕೆಯ ಅಪವಾದ ಬಿಟ್ಟರೆ ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನವು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಅಂಥ ಯಂತ್ರದಲ್ಲಿ, ಡಿಸ್ಕ್ 2 ಟಿಬಿಯೊಳಗಿದ್ದರೆ, ಶೈಲಿ ಬದಲಿಸಿ ಸಾಧಿಸುವುದು ಏನೂ ಇಲ್ಲ. ವಿಂಡೋಸ್ 10ರ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಮನೆಬಳಕೆದಾರರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಅವಕಾಶವಿದೆ. ಆಮೇಲೆ ಅದೇ ಯಂತ್ರದಲ್ಲಿ, ಅದೇ ಎಂಬಿಆರ್ ಡಿಸ್ಕಿನ ಮೇಲೆ ಲಿನಕ್ಸ್ ಯಾವ ತಕರಾರೂ ಇಲ್ಲದೆ ಓಡುತ್ತದೆ.