ಮುಟ್ಟಲಾಗದ ಮುಸುಕು

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿರುವ ಬೆಂಜೋನಿಯ ‘ಮುಸುಕಿನ ರೆಬೆಕಾ’ ಅಮೃತಶಿಲೆಯಲ್ಲಿ ಬಟ್ಟೆಯ ನವುರನ್ನು ಕಡೆದ ಕೃತಿ. ಸ್ಪರ್ಶದ ಭ್ರಮೆಯೇ ಅದರ ಜೀವ. ಕಣ್ಣಿಲ್ಲದವರಿಗೆ ಭ್ರಮೆಯೂ ಇಲ್ಲ, ಸ್ಪರ್ಶವೂ ಇಲ್ಲ. ಬೆರಳ ಬೆವರು ಶಿಲೆಗೆ ಹಾನಿಕರವಾದ್ದರಿಂದ ಮೂಲವನ್ನು ಮುಟ್ಟಗೊಡದಿರುವುದು ಯುಕ್ತವೇ. ಆದರೆ ಪ್ರತಿಕೃತಿಗೆ ಆ ಅಡ್ಡಿಯಿಲ್ಲ. ಅಲ್ಲಿನ ಮೆಫಿಸ್ಟೋಫೆಲಿಸ್–ಮಾರ್ಗರೆಟ್ ಎಂಬ ಇಮ್ಮುಖದ ಮರಶಿಲ್ಪದ ಹಿಂಬದಿಯನ್ನು ಕಾಣಲು ನಮಗೆ ಕನ್ನಡಿ ಬೇಕು. ಪ್ರತಿಕೃತಿಯನ್ನು ಎರಡು ಕೈಗಳಿಂದ ತಡವುವ ಅಂಧರಿಗೆ ಎರಡೂ ರೂಪಗಳು ಏಕಕಾಲಕ್ಕೆ ದಕ್ಕಬಲ್ಲವು. ಹೀಗಿರುವಾಗ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯನ್ನು ಇಳಿಜಾರು ದಾರಿ, ಗಾಲಿಕುರ್ಚಿಗಳಿಗಷ್ಟೇ ಅನ್ವಯಿಸುವುದು ಅರೆವಾಚನವೆನಿಸುತ್ತದೆ. ಸಂಗೀತ ಗಡಿಯಾರವೊಂದು ಮಾತ್ರ ತನ್ನ ಮೂಲರೂಪದಲ್ಲೇ ಕಿವಿಗೂ ಒದಗುತ್ತದೆ. ಗಂಟೆ ಬಾರಿಸುವ ಕಿರುಗೊಂಬೆ ಕಾಣದಿದ್ದರೂ ನಾದದ ಮಟ್ಟಿಗೆ ಅಲ್ಲಿ ಎಲ್ಲರೂ ಸಮಾನ ಪ್ರೇಕ್ಷಕರು (‘ಪ್ರೇಕ್ಷಕ’ ಎಂಬ ನಮ್ಮ ಪದವೂ ಕಣ್ಣಿನದೇ).