ನರಿಯ ಹಸಿವು, ಹುಲಿಯ ಸಾವು

ಕನ್ನಡದಲ್ಲಿ ‘ಪರಿಸರ ಸಾಹಿತ್ಯ’ ಎಂದ ಕೂಡಲೇ ನೆನಪಾಗುವ ಕೃತಿಗಳ ಪಟ್ಟಿ ಮಾಡಲು ಹೆಚ್ಚು ಹೊತ್ತು ಬೇಡ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’, ಕಾರಂತರ ‘ಬೆಟ್ಟದ ಜೀವ’, ತೇಜಸ್ವಿಯವರ ‘ಕರ್ವಾಲೊ’ ಮತ್ತು ‘ಪರಿಸರದ ಕತೆ’. ಇವುಗಳ ದೊಡ್ಡತನದ ಬಗ್ಗೆ ನನ್ನ ತಕರಾರಿಲ್ಲ. ಈ ಪಟ್ಟಿ ನಮ್ಮ ಓದಿಗೆ ಅಂಟಿಸಿರುವ ಒಂದು ಅಭ್ಯಾಸದ ಬಗ್ಗೆ ಇದೆ. ಇವೆಲ್ಲವೂ ಸಹ್ಯಾದ್ರಿಯ ಮಳೆಯಲ್ಲಿ ನೆಂದ ಕೃತಿಗಳು. ಹಾಗಾಗಿ ಪರಿಸರವೆಂದರೆ ಕಾಡು, ಕಾಡೆಂದರೆ ಹಸಿರು ಎಂಬ ಸಮೀಕರಣ ನಮಗೆ ಗೊತ್ತಿಲ್ಲದಂತೆಯೇ ಗಟ್ಟಿಯಾಗಿದೆ. ಬಯಲುಸೀಮೆಯ ಬರಹಕ್ಕೆ ಬಂದಾಗ ನಮ್ಮ ಪರಿಭಾಷೆಯೇ ಬೇರೆಯಾಗುತ್ತದೆ: ಬರ, ಬಡತನ, ವಲಸೆ, ಜಾತಿ, ಜಮೀನ್ದಾರಿ. ಅಲ್ಲಿ ಸಮಾಜವಿದೆ, ಪರಿಸರವಿಲ್ಲ ಎಂಬಂತೆ ಓದುತ್ತೇವೆ.

ಇದರಲ್ಲೊಂದು ವಿಚಿತ್ರವಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಹೆಸರಿಸುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ಪ್ರದೇಶವನ್ನು. ಕಿಸುವೊಳಲು ಇಂದಿನ ಪಟ್ಟದಕಲ್ಲು, ಕೊಪಣ ಕೊಪ್ಪಳ, ಪುಲಿಗೆರೆ ಲಕ್ಷ್ಮೇಶ್ವರ. ಮಲೆನಾಡು ಈ ಚೌಕದ ಹೊರಗಿದೆ. ತಿರುಳ್ಗನ್ನಡದ ನೆಲ ಎರಿ ಮತ್ತು ಮಸಾರಿ ಹೊಲಗಳ, ಗುಂಡುಬಂಡೆಯ ಗುಡ್ಡಗಳ, ಬೇಸಿಗೆಯಲ್ಲಿ ಬತ್ತುವ ಹಳ್ಳಗಳ ನೆಲ. ಅದರ ಊರುಗಳ ಹೆಸರಿನಲ್ಲೇ ಜೀವಜಾಲದ ಗುರುತಿದೆ. ಪುಲಿಗೆರೆ ಎಂದರೆ ಹುಲಿಯ ಕೆರೆ. ಕಿಸುವೊಳಲು ಎಂದರೆ ಕೆಂಪು ಊರು. ಮಣ್ಣು, ನೀರು, ಮೃಗ ಮೂರನ್ನೂ ಊರಿನ ಹೆಸರಿಗೇ ಸೇರಿಸಿಕೊಂಡ ಸೀಮೆಯನ್ನು ನಾವು ‘ಪರಿಸರವಿಲ್ಲದ’ ಸೀಮೆಯಾಗಿ ಓದುತ್ತಿದ್ದೇವೆ.

ಆ ಚೌಕದೊಳಗೆ, ಕೊಪ್ಪಳದ ಮೂಲೆಗೆ ಹತ್ತಿರವಾಗಿ ಇಟಗಿ ಇದೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಇಲ್ಲಿ ಕಟ್ಟಿಸಿದ ಗುಡಿಯನ್ನು ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಇಟಗಿಯ ಬಗೆಗಿನ ಬರಹಗಳು ಸಾಮಾನ್ಯವಾಗಿ ಗುಡಿಯ ಕಂಬ, ಮಕರತೋರಣ, ಪುಷ್ಕರಣಿಗಳನ್ನು ಬಣ್ಣಿಸಿ ಮುಗಿಯುತ್ತವೆ. ಗುಡಿಯ ಆವರಣ ದಾಟಿದರೆ ಹೊಲ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ ನಂಬಿ ಜೋಳ, ಕಡಲೆ, ಸಜ್ಜೆ ಬೆಳೆಯುವ ನೆಲ. ಸುಗ್ಗಿಯಾದ ಮೇಲೆ ಕೂಳೆ ಮಾತ್ರ ಉಳಿದ ಹೊಲಗಳಿಗೆ ಕುರಿ ಹಿಂಡು ಇಳಿಯುತ್ತದೆ. ಅದರ ಹಿಂದೆ, ಕಣ್ಣಿಗೆ ಬೀಳದಂತೆ, ತೋಳ.

ಈ ತೋಳದಿಂದ ಶುರುಮಾಡಿದರೆ ಬಯಲಿನ ಪರಿಸರ ಎಂದರೇನು ಎಂಬುದು ಸ್ವಲ್ಪ ತಿಳಿಯುತ್ತದೆ. ಕುರುಬರು ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ಹಿಕ್ಕೆ, ಗಂಜಳ ಮಣ್ಣಿಗೆ ಗೊಬ್ಬರವಾಗುತ್ತದೆ. ಹೊಲದವರು ಅದಕ್ಕೆ ಕಾಳನ್ನೋ ದುಡ್ಡನ್ನೋ ಕೊಡುತ್ತಾರೆ. ಕುರಿ ಬಳ್ಳಾರಿ ಜಾಲಿಯ ಕಾಯಿ ತಿನ್ನುತ್ತದೆ. ಬೀಜ ಅದರ ಹೊಟ್ಟೆ ದಾಟಿ ಹಿಕ್ಕೆಯ ಜೊತೆ ಬಿದ್ದು ಇನ್ನೊಂದೆಡೆ ಮೊಳೆಯುತ್ತದೆ. ಅಮೆರಿಕ ಖಂಡದಿಂದ ಬಂದ ಆ ಮರ ಹೀಗೆ ಹುಲ್ಲಿನ ಜಾಗ ಕಸಿಯುತ್ತಲೇ ಊರಿನ ಒಲೆಗೆ ಸೌದೆಯಾಗಿದೆ, ಕಾಡುಪ್ರಾಣಿಗೆ ಹಗಲಿನ ಮರೆಯಾಗಿದೆ. ತೋಳಕ್ಕೆ ಕೃಷ್ಣಮೃಗ ಸಿಗದ ಕಡೆ ಕುರಿಮರಿಯೇ ಆಹಾರ. ಕುರುಬರಿಗೆ ನಾಯಿ ಮತ್ತು ನಿದ್ದೆಗೆಟ್ಟ ಕಣ್ಣೇ ಕಾವಲು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಸುಮಾರು 332 ಹೆಕ್ಟೇರ್ ನೆಲ ವನ್ಯಧಾಮವಾಗಿದೆ. ಅದು ಮೂರು ಚದರ ಕಿಲೋಮೀಟರ್‌ಗಿಂತ ತುಸು ಹೆಚ್ಚು. ತೋಳದ ಒಂದು ಹಿಂಡು ಓಡಾಡುವ ಹರವು ನೂರಕ್ಕೂ ಮಿಕ್ಕಿದ ಚದರ ಕಿಲೋಮೀಟರ್. ಅಂದರೆ ಅದರ ಬದುಕಿನ ಬಹುಪಾಲು ಬೇಲಿಯಾಚೆ, ಜನರ ಹೊಲ ಮತ್ತು ಹಟ್ಟಿಗಳ ನಡುವೆಯೇ ನಡೆಯಬೇಕು.

1866ರಲ್ಲಿ ಅರ್ನ್ಸ್ಟ್ ಹೆಕೆಲ್ ‘ಇಕಾಲಜಿ’ ಎಂಬ ಪದ ಕಟ್ಟಿದಾಗ ಬಳಸಿದ್ದು ‘ಮನೆ’ ಎಂಬ ಅರ್ಥದ ಗ್ರೀಕ್ ಮೂಲವನ್ನು. ಮನೆ ಎಂದರೆ ನೋಟ ಮಾತ್ರವಲ್ಲ, ಅಡುಗೆಮನೆಯೂ ಹೌದು. ಯಾರು ಏನು ತಿನ್ನುತ್ತಾರೆ, ಯಾರಿಗೆ ಆಹಾರವಾಗುತ್ತಾರೆ ಎಂಬುದು ಅಲ್ಲಿನ ಮೊದಲ ಪ್ರಶ್ನೆ. ಮಲೆನಾಡಿನ ಸಮೃದ್ಧಿಯಲ್ಲಿ ಈ ಪ್ರಶ್ನೆಯನ್ನು ಹಸಿರಿನ ಬೆರಗು ಮರೆಮಾಡಬಹುದು. ಬಯಲಿನಲ್ಲಿ ಮರೆಮಾಡಲು ಎಲೆಯೇ ಇಲ್ಲ. ಹಾಗಾದರೆ ತಿನ್ನುವ ಬಾಯಿಯನ್ನು ಕನ್ನಡ ಸಾಹಿತ್ಯ ಹೇಗೆ ಕಂಡಿದೆ? ಇಟಗಿಯ ನೆಲೆಯಿಂದ ಕೇಳಬೇಕಾದ ಪ್ರಶ್ನೆ ಇದು ಎಂದು ನನಗನಿಸುತ್ತದೆ. ಇದನ್ನು ಎರಡು ಕಥೆಗಳಿಗೆ ಕೇಳಿ ನೋಡೋಣ.

ಮೊದಲನೆಯದು ನಮಗೆಲ್ಲ ಬಾಯಿಪಾಠವಾಗಿರುವ ಗೋವಿನ ಹಾಡು. ಹಸಿದ ಹುಲಿ ಅರ್ಬುತ, ಅದರ ಕೈಗೆ ಸಿಕ್ಕ ಪುಣ್ಯಕೋಟಿ, ಕರುವಿಗೆ ಹಾಲುಣಿಸಿ ಮರಳಿ ಬರುವ ಮಾತು, ಉಳಿಸಿಕೊಂಡ ಮಾತು. ಈ ಹಾಡನ್ನು ಸತ್ಯದ ಕಥೆಯಾಗಿ ಓದಿದ್ದೇವೆ, ತಾಯ್ತನದ ಕಥೆಯಾಗಿ ಓದಿದ್ದೇವೆ. ಎರಡೂ ಸರಿಯೇ. ಆದರೆ ಕಥೆ ಹಸಿವಿನಿಂದ ಶುರುವಾಗುತ್ತದೆ ಎಂಬುದನ್ನು ಕೊನೆಗೆ ಹೊತ್ತಿಗೆ ನಾವು ಮರೆತಿರುತ್ತೇವೆ. ಹುಲಿಯ ಹಸಿವು ಎಲ್ಲಿ ಹೋಯಿತು? ಕಥೆ ಅದಕ್ಕೆ ಆಹಾರ ಒದಗಿಸುವುದಿಲ್ಲ, ಬೇರೊಂದು ಬೇಟೆ ತೋರಿಸುವುದಿಲ್ಲ. ಹುಲಿಯನ್ನು ಹಸುವಿನ ಒಡಹುಟ್ಟನ್ನಾಗಿ ಮಾಡುತ್ತದೆ. ಒಡಹುಟ್ಟಿದವಳನ್ನು ತಿನ್ನಲಾಗದ ಹುಲಿಗೆ ಉಳಿಯುವ ದಾರಿ ಒಂದೇ, ಪ್ರಾಣ ಬಿಡುವುದು. ಒಳ್ಳೆಯದಾದ ಹುಲಿಗೆ ಬದುಕಲು ಎಡೆಯಿಲ್ಲ. ಹಸುವಿನ ಹೆಸರಿನಲ್ಲಿ ಸರ್ಕಾರದ ದತ್ತು ಯೋಜನೆಯೇ ಬಂದಿದೆ. ಅರ್ಬುತನ ಹೆಸರು ಹಾಡಿನಾಚೆ ಎಲ್ಲೂ ಕೇಳುವುದಿಲ್ಲ.

ಎರಡನೆಯದು ‘ವಡ್ಡಾರಾಧನೆ’ಯ ಸುಕುಮಾರಸ್ವಾಮಿಯ ಕಥೆ. ಹೆಸರಿಗೆ ತಕ್ಕ ಸುಕುಮಾರ, ಸುಖದಲ್ಲಿ ಬೆಳೆದ ದೇಹ. ವೈರಾಗ್ಯ ಹುಟ್ಟಿ ಎಲ್ಲ ಬಿಟ್ಟು ಕಾಡಿನಲ್ಲಿ ಅಲುಗಾಡದೆ ನಿಲ್ಲುತ್ತಾನೆ. ಅಲ್ಲಿಗೆ ಒಂದು ತಾಯಿನರಿ ಮರಿಗಳೊಡನೆ ಬಂದು ಪಾದದಿಂದ ಮೊದಲುಗೊಂಡು ಮೂರು ರಾತ್ರಿ ಅವನನ್ನು ತಿನ್ನುತ್ತದೆ. ಹಿಂದಿನ ಜನ್ಮವೊಂದರಲ್ಲಿ ಅವನು ಕಾಲಿನಿಂದ ಒದ್ದ ಅತ್ತಿಗೆಯೇ ಈ ನರಿ. ಒದ್ದ ಕಾಲನ್ನೇ ತಿನ್ನುವೆನೆಂದು ಅವಳು ಅಂದು ಸಂಕಲ್ಪ ಮಾಡಿದ್ದಳು.

ಇಲ್ಲಿ ಯಾರಾದರೂ ಆಕ್ಷೇಪಿಸಬಹುದು. ಇದು ಕರ್ಮದ ಕಥೆ, ವೈರಾಗ್ಯದ ಕಥೆ. ನರಿ ಇಲ್ಲಿ ನರಿಯಲ್ಲ, ಹಳೆಯ ಸೇಡಿನ ವೇಷ. ಜೈನ ಆರಾಧನಾ ಕಥೆಯೊಂದಕ್ಕೆ ಇಂದಿನ ಪರಿಸರದ ಚಿಂತೆಯನ್ನು ಹೊರಿಸುವುದು ಸರಿಯೇ? ಈ ಆಕ್ಷೇಪಕ್ಕೆ ತೂಕವಿದೆ. ಕಥೆಗಾರನ ಗಮನ ಸುಕುಮಾರನ ಸ್ಥೈರ್ಯದ ಮೇಲಿದೆ, ನರಿಯ ಬದುಕಿನ ಮೇಲಲ್ಲ. ಆದರೂ ಕಥೆಯೊಳಗೆ ಆ ಉದ್ದೇಶಕ್ಕೆ ಪೂರ್ತಿ ಒಗ್ಗದ ಒಂದು ವಿವರವಿದೆ: ಮರಿಗಳು. ಸೇಡಿನ ಲೆಕ್ಕಕ್ಕೆ ತಾಯಿನರಿಯೊಂದೇ ಸಾಕಿತ್ತು. ಆ ಹಳೆಯ ಒದೆತದ ಸಾಲ ಮರಿಗಳಿಗೆ ಸೇರಿದ್ದಲ್ಲ. ಅವು ಬಂದಿರುವುದು ಹಸಿದಿರುವುದರಿಂದ, ತಾಯಿಯ ಜೊತೆ ಬರುವ ವಯಸ್ಸಾದ್ದರಿಂದ. ಮೂರು ರಾತ್ರಿಗಳ ಲೆಕ್ಕವೂ ಹಾಗೆಯೇ. ಶಾಪ ಒಂದೇ ಗಳಿಗೆಯಲ್ಲಿ ಫಲಿಸಬಲ್ಲದು. ಒಂದು ದೇಹವನ್ನು ನರಿಯ ಸಂಸಾರ ತಿಂದು ಮುಗಿಸಲು ದಿನಗಳು ಬೇಕು. ಕರ್ಮದ ಕಥೆ ಹೇಳುತ್ತಲೇ ಕಥೆಗಾರ ಕಾಡಿನ ನಿಜವಾದ ವೇಗವನ್ನು ಬಿಟ್ಟುಕೊಟ್ಟಿಲ್ಲ.

ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಎರಡರಲ್ಲೂ ಒಬ್ಬ ತಾಯಿ, ಅವಳ ಮರಿ, ಒಂದು ಹಸಿವು. ಗೋವಿನ ಹಾಡಿನಲ್ಲಿ ತಾಯಿ ತಿನ್ನಿಸಿಕೊಳ್ಳಬೇಕಾದವಳು, ವಡ್ಡಾರಾಧನೆಯಲ್ಲಿ ತಿನ್ನುವವಳು. ಹಾಡು ತಿನ್ನುವವನನ್ನು ಮನುಷ್ಯರ ನೀತಿಗೆ ಒಳಪಡಿಸಿ ಕೊಲ್ಲುತ್ತದೆ. ವಡ್ಡಾರಾಧನೆ ತಿನ್ನುವವಳನ್ನು ಹಾಗೆಯೇ ಬಿಟ್ಟು ಮನುಷ್ಯನನ್ನೇ ಆಹಾರದ ಸರಪಳಿಯೊಳಗೆ ನಿಲ್ಲಿಸುತ್ತದೆ. ಸುಕುಮಾರ ನರಿಗೆ ಬೋಧನೆ ಮಾಡುವುದಿಲ್ಲ, ಅದನ್ನು ಓಡಿಸುವುದೂ ಇಲ್ಲ. ತನ್ನ ದೇಹ ಬೇರೊಂದು ಜೀವಕ್ಕೆ ಆಹಾರವಾಗಬಲ್ಲದು ಎಂಬ ಅರಿವಿನಲ್ಲಿ ನಿಂತಿರುತ್ತಾನೆ. ಕನ್ನಡ ಗದ್ಯ ತನ್ನ ಆರಂಭದ ಕಾಲದಲ್ಲೇ ಇಷ್ಟು ಕಠಿಣವಾದ ಮಾತನ್ನು ಕಣ್ಣು ತಪ್ಪಿಸದೆ ಹೇಳಿದೆ.

ಈ ಕಥೆ ನಡೆಯುವುದು ಕೊಪ್ಪಳದಲ್ಲಲ್ಲ, ದೂರದ ಉಜ್ಜಯಿನಿಯ ಸುತ್ತ. ಆದರೆ ಇಂಥ ಕಥೆಗಳನ್ನು ಕೇಳಿ ಅರ್ಥ ಮಾಡಿಕೊಂಡ ನಾಡುಗಳಲ್ಲಿ ಕೊಪಣ ಮುಖ್ಯವಾದದ್ದು. ಅದು ಹೆಸರಾಂತ ಜೈನ ತೀರ್ಥ. ಸಲ್ಲೇಖನದಿಂದ ದೇಹ ಬಿಟ್ಟವರ ನೆನಪಿನ ಶಾಸನಗಳು ಅಲ್ಲಿವೆ. ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಕೊಪ್ಪಳದ ಗುಡ್ಡದ ಬಂಡೆಯಲ್ಲಿ ಕೊರೆಸಲಾಗಿದೆ. ಬಿಸಿಲಿಗೆ ಕಾದ ಆ ಬಂಡೆಗಳ ಸಂದಿಯಲ್ಲಿ ಕರಡಿ, ನರಿ, ಚಿರತೆಗಳ ನೆಲೆಯೂ ಇದ್ದ ಸೀಮೆ ಇದು. ಅಲ್ಲಿ ಕುಳಿತು ಸುಕುಮಾರನ ಕಥೆ ಕೇಳಿದವರಿಗೆ ನರಿ ಬರೀ ರೂಪಕವಾಗಿ ಕೇಳಿಸಿರಲಾರದು.

ಪ್ರಾಣಿಯನ್ನು ರೂಪಕವಾಗಿ ಕರಗಿಸುವ ಇನ್ನೊಂದು ಬಲವಾದ ಪರಂಪರೆಯೂ ಇದೇ ನಾಡಿನಲ್ಲಿ ಬೆಳೆಯಿತು. ಕಿಸುಕಾಡು ನಾಡಿನ ಸಯ್ಯಡಿಯ ದುರ್ಗಸಿಂಹ 1031ರ ಸುಮಾರಿಗೆ ಬರೆದ ‘ಪಂಚತಂತ್ರ’ದಲ್ಲಿ ಸಿಂಹ ಅರಸ, ನರಿಗಳು ಮಂತ್ರಿಗಳು. ಚಾಲುಕ್ಯರ ಆಡಳಿತದಲ್ಲಿ ಸಂಧಿವಿಗ್ರಹಿಯಾಗಿದ್ದವನಿಗೆ ಕಾಡು ಅರಮನೆಯಂತೆ ಕಂಡದ್ದು ಸಹಜ. ಆದರೂ ಕಥೆ ಮೊದಲಾಗುವುದು ವ್ಯಾಪಾರಿಯೊಬ್ಬ ದಾರಿಯಲ್ಲಿ ಬಿಟ್ಟುಹೋದ ಎತ್ತು ಸಂಜೀವಕನಿಂದ. ಕಾಡಿನ ಹುಲ್ಲು, ನೀರಿನಿಂದ ಅದು ಚೇತರಿಸಿಕೊಂಡು ಗುಟುರು ಹಾಕಿದಾಗ ಸಿಂಹ ಪಿಂಗಳಕನಿಗೆ ಅಂಜಿಕೆಯಾಗುತ್ತದೆ. ಊರಿನ ದನ ಕಾಡಿಗೆ ಸೇರಿದಾಗ ಎರಡೂ ಕಡೆಯ ಸಮತೋಲ ಅಲುಗಾಡುತ್ತದೆ ಎಂಬ ಈ ಸೂಕ್ಷ್ಮವನ್ನು ನೀತಿಯ ಗದ್ದಲದಲ್ಲಿ ನಮ್ಮ ಓದು ದಾಟಿ ಹೋಗಿದೆ. ಪಠ್ಯ ಕೊಟ್ಟದ್ದಕ್ಕಿಂತ ಕಡಿಮೆಯನ್ನು ನಾವು ಪಡೆದುಕೊಂಡಿದ್ದೇವೆ.

ಜನರ ಮಾತು ಇಷ್ಟು ಸುಲಭವಾಗಿ ಪ್ರಾಣಿಯನ್ನು ಬಿಟ್ಟುಕೊಡುವುದಿಲ್ಲ. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆಯನ್ನು ನಾವು ಬಳಸುವುದು ಸೋತ ಮನುಷ್ಯನ ಬಗ್ಗೆ. ಅದರ ಅಡಿಯಲ್ಲಿರುವುದು ಒಂದು ನಿಜವಾದ ಹಳ್ಳ, ನಿಜವಾದ ತೋಳ, ಕುರಿ ಕಳೆದುಕೊಂಡ ಜನರ ಸಿಟ್ಟು. ತೋಳದ ಬಗ್ಗೆ ಮರುಕ ಹುಟ್ಟಿಸುವ ಈ ಗಾದೆಯಲ್ಲಿ ಕಲ್ಲು ಎತ್ತಿದವರ ನಷ್ಟವೂ ಸೇರಿದೆ. ಪರಿಸರ ವಿಮರ್ಶೆ ಎಂದರೆ ಮೃಗದ ಪರ ವಕಾಲತ್ತು ಎಂದು ತಿಳಿಯುವವರು ಇದನ್ನು ಗಮನಿಸಬೇಕು. ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ತೋಳಕ್ಕೆ ಕಾನೂನಿನ ರಕ್ಷಣೆಯಿದೆ. ಆದರೆ ದಿನನಿತ್ಯ ಅದರ ಊಟದ ಬೆಲೆ ತೆರುತ್ತಿರುವವರು ಕುರುಬರು. ಅವರನ್ನು ಬಿಟ್ಟು ತೋಳದ ಕಥೆ ಬರೆದರೆ ಅದು ಇನ್ನೊಂದು ಗೋವಿನ ಹಾಡಾಗುತ್ತದೆ, ಪಾತ್ರಗಳು ಅದಲುಬದಲಾಗಿರುತ್ತವೆ ಅಷ್ಟೇ.

ಹೆಸರಿನ ಮಾತಿಗೆ ಮರಳಿದರೆ, ಬಯಲಿನ ದೊಡ್ಡ ಹಕ್ಕಿಗೆ ಕನ್ನಡದಲ್ಲಿ ‘ಎರೆಭೂತ’ ಎಂಬ ಹೆಸರಿದೆ. ‘ಎರ್ಲಡ್ಡು’ ಎಂದೂ ಕರೆಯುತ್ತಾರೆ. ಎರೆ ಎಂದರೆ ಕಪ್ಪುಮಣ್ಣು. ಹಕ್ಕಿಯನ್ನು ಅದು ಬದುಕುವ ಮಣ್ಣಿನಿಂದ ಬೇರ್ಪಡಿಸದೆ ಕರೆದ ಹೆಸರು ಇದು. ಇಂದು ದೇಶದಲ್ಲೇ ಇನ್ನೂರಕ್ಕಿಂತ ಕಡಿಮೆ ಉಳಿದಿರುವ ಈ ಹಕ್ಕಿ ಕರ್ನಾಟಕದಲ್ಲಿ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟಿದೆ. ಅದರ ನೆಲಕ್ಕೆ ಆಡಳಿತದ ಭಾಷೆ ಕೊಟ್ಟ ಹೆಸರು ಬೇರೆ. ಕೇಂದ್ರ ಸರ್ಕಾರ 2000ದಲ್ಲಿ ಮೊದಲು ಪ್ರಕಟಿಸಿದ ಪಾಳುಭೂಮಿ ಅಟ್ಲಾಸಿನಲ್ಲಿ ಕುರುಚಲು ನೆಲವೂ ‘ಪಾಳು’ಭೂಮಿಯ ಒಂದು ಬಗೆ. ಪಾಳು ಎಂದು ಕರೆದ ಮೇಲೆ ಅಲ್ಲಿ ಏನು ನೆಟ್ಟರೂ ಅಭಿವೃದ್ಧಿಯೇ. ಕೃಷ್ಣಮೃಗಗಳಿಗಾಗಿ 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರು ಅಭಯಾರಣ್ಯದ ನೆಲದಲ್ಲೇ ನೀಲಗಿರಿ ತೋಪುಗಳು ಬೆಳೆದವು. ಮರ ಹೆಚ್ಚಾಯಿತು, ಹುಲ್ಲು ಕಡಿಮೆಯಾಯಿತು. ಬಯಲನ್ನು ನಂಬಿದ ಎರೆಭೂತಕ್ಕೆ ಜಾಗವಿಲ್ಲದಾಯಿತು. ‘ಹಸಿರು’ ಎಂಬುದೇ ಒಂದು ಜೀವಜಾಲವನ್ನು ಅಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಸಾಹಿತ್ಯ ವಿಮರ್ಶೆಗೂ ಭೂಮಿಯ ದಾಖಲೆಗಳಿಗೂ ಏನು ಸಂಬಂಧ ಎಂದು ಕೇಳಬಹುದು. ಎರಡೂ ಕಡೆ ಕೆಲಸ ಮಾಡುತ್ತಿರುವುದು ಒಂದೇ ಕಣ್ಣು. ಮರವಿಲ್ಲದ ನೆಲದಲ್ಲಿ ಏನೂ ಇಲ್ಲ ಎನ್ನುವ ಅಧಿಕಾರಿಯೂ, ಕಾಡಿಲ್ಲದ ಕೃತಿಯಲ್ಲಿ ಪರಿಸರವಿಲ್ಲ ಎನ್ನುವ ವಿಮರ್ಶಕನೂ ಒಂದೇ ಪಾಠ ಕಲಿತು ಬಂದವರು. ಇಂದು ಯಲಬುರ್ಗಾ, ಕುಕನೂರು, ಕುಷ್ಟಗಿ ಸೀಮೆಯ ಖಾಲಿ ಎನಿಸುವ ದಿಬ್ಬಗಳ ಮೇಲೆ ಗಾಳಿಯಂತ್ರಗಳು ಏಳುತ್ತಿವೆ. ಅವು ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಆ ದಿಬ್ಬ ಖಾಲಿಯಾಗಿತ್ತು ಎಂದು ಒಪ್ಪಿಕೊಂಡ ಮೇಲೆ ಚರ್ಚೆಗೇ ಜಾಗವಿರುವುದಿಲ್ಲ. ಅದು ಖಾಲಿಯಲ್ಲ ಎಂದು ಹೇಳುವ ಮಾತುಗಳು ವಡ್ಡಾರಾಧನೆಯಲ್ಲಿವೆ, ಗಾದೆಯಲ್ಲಿವೆ, ಹಕ್ಕಿಯ ಹೆಸರಿನಲ್ಲಿವೆ. ಅವನ್ನು ಓದಿ ಎತ್ತಿಕೊಡುವುದು ವಿಮರ್ಶೆಯ ಕೆಲಸ.

ಅದಕ್ಕಾಗಿ ಹೊಸ ಸಿದ್ಧಾಂತಗಳನ್ನು ಹೊರಗಿನಿಂದ ತರಲೇಬೇಕೆಂದಿಲ್ಲ. ನಮ್ಮ ತರಗತಿಗಳಲ್ಲಿ ‘ವಡ್ಡಾರಾಧನೆ’ಯನ್ನು ಭಾಷೆಯ ಹಳಮೆಗಾಗಿ, ಕಾಲನಿರ್ಣಯದ ವಾದಗಳಿಗಾಗಿ, ಹೆಚ್ಚೆಂದರೆ ಜೈನ ಧರ್ಮದ ತತ್ವಕ್ಕಾಗಿ ಓದುತ್ತೇವೆ. ಮುಂದಿನ ಸಲ ಸುಕುಮಾರಸ್ವಾಮಿಯ ಕಥೆ ಪಾಠಕ್ಕೆ ಬಂದಾಗ ಆ ಮರಿಗಳ ಬಗ್ಗೆ ಒಂದು ಪ್ರಶ್ನೆ ಕೇಳಿ ನೋಡಬಹುದು: ನಾಲ್ಕನೆಯ ರಾತ್ರಿ ಅವು ಎಲ್ಲಿಗೆ ಹೋದವು, ಏನು ತಿಂದವು?